ಎಡದವಡೆಯ ನಾಲ್ಕು

ದೀಪದ ಗಾಜಿನೊಳಗೆ ಒಂದು ನೊಣ ಸತ್ತು ಬಿದ್ದಿದೆ, ಕಾಲು ಮೇಲೆ ಮಾಡಿಕೊಂಡು, ಹೇಗೆ ಒಳಗೆ ಹೋಯಿತೋ, ಎಲ್ಲೂ ಸಂದಿಯೇ ಕಾಣುವುದಿಲ್ಲ, ಗೆಳೆಯ ಕಡ್ಡಿ ಇದ್ದಿದ್ದರೆ ಹುಡುಕಿಬಿಡುತ್ತಿದ್ದ, ಸಂದಿಯಲ್ಲಿ ನುಸುಳುವುದೇ ಅವನ ಕಸುಬಾಗಿತ್ತು — ಇನ್ನೂ ಅಗಲ, ಇನ್ನೂ, ಹಾಂ, ಹಾಗೇ ಇರಿ, ಎಂದು ಹಲ್ಲಿನ ಡಾಕ್ಟರು ಇವನ ಗದ್ದ ಹಿಡಿದು ಬಲಗಡೆ ಹಲ್ಲುಗಳ ನಡುವೆ ರಬ್ಬರಿನ ತುಂಡೊಂದನ್ನು ತುರುಕಿದರು, ಇನ್ನು ಬೇಕೆಂದರೂ ಬಾಯಿ ಮುಚ್ಚುವ ಹಾಗಿಲ್ಲ, ತಲೆ ಕೆಳಗೆ, ಕಾಲು ಮೇಲೆ, ನೊಣದ ಹಾಗೆಯೇ. ಸೂಜಿ ಚುಚ್ಚಿ ಹತ್ತು ನಿಮಿಷವಾಗಿದೆ, ಎಡಗೆನ್ನೆ ತನ್ನದಲ್ಲ ಅನ್ನಿಸುತ್ತಿದೆ, ಸರಿಯೇ, ಒಳಗಿರುವುದೂ ತನ್ನದಲ್ಲವಲ್ಲ, ಅದನ್ನೇ ಹೇಳಬೇಕಿತ್ತು, ಬೆಳಿಗ್ಗೆ ಬಚ್ಚಲಲ್ಲಿ ನಿಂತು ಬಾಯಿಪಾಠ ಮಾಡಿಕೊಂಡಿದ್ದ ಮಾತು, ಡಾಕ್ಟ್ರೇ, ಬಲಗಡೆ ನಾಲ್ಕು ಬಂಗಾರದ ಹಲ್ಲು ನನ್ನವು, ಎಡಗಡೆ ನಾಲ್ಕು ಬೇರೆಯವರದ್ದು, ಅದನ್ನ ಬೇರೆ ಕಟ್ಟಿಕೊಡಿ — ಇಷ್ಟೇ, ಒಂದು ಉಸಿರಿನ ಮಾತು, ಬಸ್ಸಿನಲ್ಲಿ ಹೇಳಲಿಲ್ಲ, ಮೆಟ್ಟಿಲು ಹತ್ತುವಾಗ ಹೇಳಲಿಲ್ಲ, ಹೆಸರು ಬರೆಸುವಾಗ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಈಗ ಹೇಳೋಣವೆಂದರೆ ಬಾಯಿ ತೆರೆದೇ ಇದೆ, ಮಾತು ಮಾತ್ರ ಹೊರಡುವುದಿಲ್ಲ. ಆ, ಎ, ಎಂದ. ನೋವಾಯ್ತಾ, ಎಂದರು ಡಾಕ್ಟರು. ಗೋಡೆ ಪಕ್ಕದ ಬೆಂಚಿನಿಂದ ಭಾವಮೈದುನ ನಕ್ಕ, ನಮ್ಮ ಭಾವ ಹನ್ನೊಂದು ವರ್ಷ ತುಟಿಪಿಟಕ್ಕೆನ್ನದೆ ದುಡಿದವರು ಡಾಕ್ಟ್ರೇ, ಇವತ್ತೇ ಬಾಯಿ ಬಿಟ್ಟಿರೋದು, ನಿಧಾನಕ್ಕೆ ಮಾಡಿ. ಹೆಂಡತಿ ನಗಲಿಲ್ಲ. ಅವಳ ಕಣ್ಣು ಸ್ಟೀಲ್ ತಟ್ಟೆಯ ಮೇಲಿದೆ.

ದುಡಿಮೆಯನ್ನು ಬಾಯಲ್ಲಿ ಹೊತ್ತು ತಂದ ಎಂದರೆ ಇಲ್ಲಿಯವರಿಗೆ ನಗು ಬರುತ್ತದೆ, ಬರಲಿ, ಆ ಗೇಟನ್ನು ಅವರು ನೋಡಿಲ್ಲ, ಪರದೇಶದ ಹಡಗುಕಟ್ಟೆಯ ಗೇಟು, ಕಾವಲಿನವರು ಊರಿಗೆ ಹೊರಟವನ ಪೆಟ್ಟಿಗೆ ಒಡೆದು, ಚಪ್ಪಲಿಯ ಅಟ್ಟೆ ಕಿತ್ತು, ದಿಂಬು ಸೀಳಿ, ಸಿಕ್ಕಿದ್ದೆಲ್ಲ ಹಡಗಿನಿಂದ ಕದ್ದದ್ದು ಎಂದು ಬರೆದು ಇಟ್ಟುಕೊಳ್ಳುತ್ತಿದ್ದರು, ದೂರು ಕೊಡಲು ಹೋದವನು ಮತ್ತೆ ಆರು ತಿಂಗಳು ಅಲ್ಲೇ ಕೊಳೆತ. ಪಾಸ್‌ಪೋರ್ಟು ಮೇಸ್ತ್ರಿಯ ಕಪಾಟಿನಲ್ಲಿ, ಊರಿಗೆ ಕಳಿಸುವ ಹಣವೂ ಮೇಸ್ತ್ರಿಯ ಕೈಯಿಂದಲೇ, ದಾರಿಯಲ್ಲೇ ಸೊರಗಿ ಹೋಗುವ ಹಣ, ಆದರೆ ಬಾಯಲ್ಲಿರುವುದಕ್ಕೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಹಾಗಾಗಿ ಕ್ಷೌರದಂಗಡಿಯ ಹಿಂದೆ ಕೂರುವ ಹಲ್ಲಿನವನ ಹತ್ತಿರ ಎಲ್ಲರೂ ಹೋಗುತ್ತಿದ್ದರು, ಅವನು ಕಲ್ಲಿನಂಥ ದವಡೆ ಹಲ್ಲನ್ನು ಉಜ್ಜಿ ಉಜ್ಜಿ ಗೂಟ ಮಾಡಿ ಮೇಲೆ ಬಂಗಾರದ ದಪ್ಪ ಕ್ಯಾಪು ಕೂರಿಸುತ್ತಿದ್ದ, ಎರಡು ಮೂರು ವರ್ಷದ ಉಳಿತಾಯಕ್ಕೆ ಒಂದು ಹಲ್ಲು, ನಗಬೇಡಿ ಕಣ್ರೋ, ಬ್ಯಾಂಕಿನ ಬಾಗಿಲು ತೆಗೆದಿದೆ, ಎಂದು ಕೂಗುತ್ತಿದ್ದವನು ಕಡ್ಡಿ, ಮೇಲಿನ ಮಂಚದ ಕಡ್ಡಿ, ಕಡ್ಡಿಯಂತಿದ್ದನೆಂದೇ ಆ ಹೆಸರು, ಹಡಗಿನ ಎಣ್ಣೆ ಟ್ಯಾಂಕಿನ ಬಾಯಿ ಭುಜದಗಲ, ಮೊದಲು ಅವನು ಇಳಿಯಬೇಕು, ಆಮೇಲೆ ಹಗ್ಗ ಹಿಡಿದು ಇವನು, ಮೊಣಕಾಲುದ್ದ ಕಪ್ಪು ಕೆಸರನ್ನು ಬಕೆಟ್ಟಿಗೆ ತುಂಬಿ ತುಂಬಿ ಮೇಲೆ ಕಳಿಸಬೇಕು. ಕಡ್ಡಿಯ ನಾಲ್ಕೂ ಎಡಗಡೆಗೆ, ಇವನ ನಾಲ್ಕು ಬಲಗಡೆಗೆ, ಒಂದು ದಿನ ಕಡ್ಡಿ ಕನ್ನಡಿಯ ಮುಂದೆ ಬಾಯಿ ಕಿಸಿದು ತೋರಿಸಿದ್ದ, ಸರಿಯಾಗಿ ನೋಡ್ಕೊ, ನಾನು ಹೋದ್ರೆ ಕಿತ್ಕೊಂಡು ಹೋಗಿ ಅಮ್ಮನ ಕೈಗೆ ಕೊಡು, ನೀನು ಹೋದ್ರೆ ನಾನು ಕಿತ್ಕೋತೀನಿ, ಮೋಸ ಮಾಡಿದ್ಯೋ, ಹಲ್ಲುನೋವಾಗಿ ಬಂದು ಕಾಡ್ತೀನಿ ನೋಡು — ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು, ಪಕ್ಕದ ಮಂಚದವನು ಬೈದಿದ್ದ.

ಟಣ್. ಒಂದು. ತಟ್ಟೆಗೆ ಬಿದ್ದ ಸದ್ದಿಗೆ ಬೆಂಚು ಕಿರುಗುಟ್ಟಿತು, ಭಾವಮೈದುನ ಎದ್ದು ನಿಂತಿರಬೇಕು. ಒಳಗೆ ಹುಳುಕು ಹಿಡಿದಿದೆಯಲ್ಲ, ಎಷ್ಟು ದಿನದಿಂದ ನೋವು, ಎಂದು ಕೇಳುತ್ತಾರೆ ಡಾಕ್ಟರು, ಉತ್ತರ ಬರಲಾರದೆಂದು ಗೊತ್ತಿದ್ದೂ ಕೇಳುತ್ತಾರೆ, ಅವರ ಇಕ್ಕಳ ಸಣ್ಣದು, ಹೊಳೆಯುವಂಥದು, ಅವತ್ತು ಇವನ ಕೈಯಲ್ಲಿದ್ದದ್ದು ದೊಡ್ಡದು, ವಾಲ್ವು ತಿರುಗಿಸುವಂಥದು, ಎಣ್ಣೆ ಮೆತ್ತಿಕೊಂಡು ಜಾರುತ್ತಿತ್ತು. ಮಧ್ಯಾಹ್ನದ ಹೊತ್ತು, ಕೆಳಗೆ ಇಳಿದ ಕಡ್ಡಿ ಹಗ್ಗ ಎಳೆಯಲಿಲ್ಲ, ಗಾಳಿ ಕೆಟ್ಟಿತ್ತು, ಎತ್ತುವ ಹೊತ್ತಿಗೆ ಮುಗಿದಿತ್ತು, ವ್ಯಾನು ಬರುವವರೆಗೆ ಹಗ್ಗದ ಕೋಣೆಯಲ್ಲಿ ಮಲಗಿಸಿದರು, ನಾನು ಕೂತಿರ್ತೀನಿ, ನೀವು ಹೋಗಿ, ಎಂದು ಇವನು ಬಾಗಿಲು ಹಾಕಿಕೊಂಡ. ಮೈ ಇನ್ನೂ ಬೆಚ್ಚಗಿತ್ತು. ಕ್ಯಾಪು ಸುಲಭಕ್ಕೆ ಕಳಚುತ್ತದೆ ಅಂದುಕೊಂಡಿದ್ದ, ಕಳಚಲಿಲ್ಲ, ಎದೆಯ ಮೇಲೆ ಮೊಣಕಾಲೂರಿ ಎಳೆಯಬೇಕಾಯಿತು, ಗೂಟಗಳೂ ಮುರಿದುಕೊಂಡೇ ಬಂದವು, ನಾಲ್ಕನೆಯದಕ್ಕೆ ಏನೋ ಲಟಕ್ಕೆಂದಿತು, ಆಮೇಲೆ ದವಡೆ ಮುಚ್ಚಲೇ ಇಲ್ಲ. ಗದ್ದ ಹಿಡಿದು ಮೇಲಕ್ಕೆ ಒತ್ತಿದ, ಮುಚ್ಚೋ, ಮುಚ್ಚೋ ಕಡ್ಡಿ, ಯಾರಾದ್ರೂ ಬರ್ತಾರೆ ಕಣೋ, ಒತ್ತಿದಷ್ಟು ಹೊತ್ತು ಮುಚ್ಚಿರುತ್ತಿತ್ತು, ಬಿಟ್ಟರೆ ತೆರೆದುಕೊಳ್ಳುತ್ತಿತ್ತು, ಏನೋ ಹೇಳಲು ಹೊರಟವನ ಹಾಗೆ, ಕೊನೆಗೆ ತನ್ನ ಹೆಗಲಿನ ಟವೆಲು, ನೀಲಿ ಪಟ್ಟೆಯದು, ಅದನ್ನೇ ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಬಿಗಿದು ಗಂಟು ಹಾಕಿದ.

ಟಣ್. ಎರಡು. ಅವತ್ತು ಇವನ ಮನಸ್ಸು ಕನ್ನಡಿಯಷ್ಟು ಚೊಕ್ಕವಾಗಿತ್ತು, ಆಣೆ ಮಾಡಿ ಬೇಕಾದರೆ ಹೇಳುತ್ತಾನೆ, ಗೇಟು ದಾಟಿಸಲು ಬೇರೆ ದಾರಿಯೇ ಇರಲಿಲ್ಲ, ಹಲ್ಲಿನವನು ಇವನ ಎಡದವಡೆಗೆ ಕೂರಿಸಲು ಕಡ್ಡಿಯ ಬಂಗಾರ ಕರಗಿಸುತ್ತಾ, ಎಡಗಡೆ ಇಷ್ಟು ಒಳ್ಳೆ ಹಲ್ಲು, ಯಾಕಯ್ಯಾ ಹಾಳು ಮಾಡ್ಕೋತೀಯ, ಎಂದಿದ್ದ, ಸ್ನೇಹಿತನ ಋಣ, ಎಂದು ಎದೆಯುಬ್ಬಿಸಿ ಹೇಳಿದ್ದ, ತನ್ನ ಮಾತಿಗೆ ತನಗೇ ಕಣ್ಣಲ್ಲಿ ನೀರು ಬಂದಿತ್ತು. ಊರು ಮುಟ್ಟಿದ ದಿನ ಹೆಂಡತಿ ಊಟವಾಯ್ತಾ ಎಂದು ಕೇಳುವ ಮೊದಲು ಟಾರ್ಚ್ ತಂದಳು, ಬಾಯಿ ತೆಗೀರಿ ನೋಡೋಣ, ಎಂಟು, ಅಯ್ಯೋ ಎಂಟು ಕಣೋ ಎಂದು ತಮ್ಮನನ್ನು ಕೂಗಿದಳು, ಅವನೂ ಬಗ್ಗಿ ನೋಡಿದ, ಹಸುವಿನ ಬಾಯಿ ನೋಡುವ ಹಾಗೆ ಗದ್ದ ಎತ್ತಿ ಎತ್ತಿ ನೋಡಿದ, ವೆಲ್ಡಿಂಗ್ ಅಂಗಡಿ ಹಾಕಿಬಿಡಬಹುದು ಭಾವ, ಮಳಿಗೆ ನೋಡಿಟ್ಟಿದ್ದೀನಿ, ಅಂದ. ನಾಲ್ಕು ನಮ್ಮದಲ್ಲ, ಕಡ್ಡಿಯ ಅಮ್ಮನದು ಎಂದು ಹೆಂಡತಿಗೆ ಹೇಳಿದ್ದು ಮೂರನೆಯ ದಿನ, ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಮತ್ತೊಮ್ಮೆ ತೊಳೆದಳು, ಆ ಯಮ್ಮನಿಗೆ ಗೊತ್ತಾ, ಎಂದಳು, ಇಲ್ಲ, ಎಂದ, ಮತ್ತೆ? ಎಂದಳು, ಸತ್ತೋರಿಗೆ ಯಾಕ್ರೀ ಹಲ್ಲು, ಹನ್ನೊಂದು ವರ್ಷ ಈ ಮನೇಲಿ ನಾನು ಒಬ್ಬಳೇ ಹೆಂಗಿದ್ದೆ ಅಂತ ಒಂದು ದಿನ ಕೇಳಿದ್ರಾ ನೀವು. ಕೇಳಿರಲಿಲ್ಲ. ಅವಳು ಹೇಳಿದ್ದರಲ್ಲಿ ಅದೊಂದು ನಿಜವಾಗಿತ್ತು, ಆ ಒಂದು ನಿಜದ ಮರೆಯಲ್ಲಿ ಅವನು ಆರಾಮಾಗಿ ಕೂತುಬಿಟ್ಟ, ನಾಚಿಕೆಗೆಟ್ಟವನು, ಆ ರಾತ್ರಿಯಿಂದಲೇ ಎಡದವಡೆ ಸಿಡಿಯಲು ಶುರುವಾಯಿತು.

ಟಣ್. ಮೂರು. ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುತ್ತಿದ್ದಾರೆ, ಇಲ್ಲಿ ಬಿಡೋದು ಬೇಡಮ್ಮಾ, ಎನ್ನುತ್ತಾರೆ ಡಾಕ್ಟರು, ಬಿಟ್ಟೇ ಒಳಗೆ ಬರುವ ಹೆಜ್ಜೆ, ನಿಮ್ಮ ಮನೇಗೆ ಹೋಗಿದ್ದೆ, ಇಲ್ಲಿದ್ದೀರಿ ಅಂದ್ರು ಪಕ್ಕದವರು, ನಿನ್ನೆ ಬಂದಾಗ ಅವನಿಗೆ ಮೈ ಹುಷಾರಿಲ್ಲ ಅಂದ್ಯಲ್ಲ ತಾಯಿ — ಹೆಂಡತಿ ಎದ್ದು ಅಡ್ಡ ನಿಂತಳು, ಭಾವಮೈದುನ ತಟ್ಟೆಯ ಮುಂದೆ ನಿಂತ, ಎಷ್ಟು ಬೇಗ ಒಬ್ಬರಿಗೊಬ್ಬರು ಅರ್ಥವಾಗುತ್ತಾರೆ ಅಕ್ಕತಮ್ಮ. ನನ್ನ ಮಗನ ಜೊತೆ ಇದ್ದೋನು ಇವನೇ ಅಲ್ವಾ, ಫೋನಿನಲ್ಲಿ ದಿನಾ ಇವನ ಮಾತೇ. ದೀಪದ ಅಂಚಿನಲ್ಲಿ ಒಂದು ಮುಖ ಬಗ್ಗಿತು, ಕಡ್ಡಿಯದೇ ಮುಖ, ಸುಕ್ಕು ಮಾತ್ರ ಹೆಚ್ಚು. ಡಾಕ್ಟರು ಕೈ ನಿಲ್ಲಿಸಲಿಲ್ಲ, ಟಣ್, ನಾಲ್ಕು, ಭಾವಮೈದುನನ ಕೈ ತಟ್ಟೆಗೆ ಹೋಯಿತು, ಕಾಗದದಲ್ಲಿ ಕಟ್ಟಿಕೊಳ್ಳುವ ಸರಸರ ಕೇಳಿಸಿತು. ಒಂದೇ ಒಂದು ಕೇಳ್ಬೇಕಪ್ಪ, ಎನ್ನುತ್ತಾಳೆ ಮುದುಕಿ, ಅವನನ್ನ ಕಳಿಸಿದಾಗ ಬಾಯಿ ಕಟ್ಟಿತ್ತು, ಬಿಚ್ಚೋದು ಬೇಡ ಅಂದ್ರು ಎಲ್ಲರೂ, ನಾನು ಬಿಚ್ಚಿ ನೋಡಿದೆ, ಹೆತ್ತೋಳಲ್ವಾ, ಎಡಗಡೆ ಒಂದೂ ಹಲ್ಲಿಲ್ಲ, ಬರೀ ಚೂರು, ಅಲ್ಲಿ ಯಾರೋ ಹೊಡೆದಿದ್ದಾರೆ ಅವನನ್ನ, ಗಾಳಿ ಕೆಟ್ಟು ಸತ್ತ ಅಂತ ಸುಳ್ಳು ಬರೆದಿದ್ದಾರೆ, ಹೌದಾ, ಯಾರು ಹೊಡೆದಿದ್ದು, ಹೇಳು ಮಗಾ, ನಾಲ್ಕು ತಿಂಗಳಾಯ್ತು, ಒಂದು ಕಡೆ ಮಗ್ಗುಲಾಗಿ ಮಲಗಿದ್ರೆ ನನ್ನ ಕೆನ್ನೆ ನೋಯುತ್ತೆ.

ಈ ಕಡೆ ಮುಗೀತು, ಎನ್ನುತ್ತಾರೆ ಡಾಕ್ಟರು, ರಬ್ಬರಿನ ತುಂಡು ಹೊರಗೆ ಬಂದಿದೆ, ನಾಲಿಗೆ ಅರ್ಧ ಸತ್ತಿದ್ದರೂ ಅರ್ಧ ಬದುಕಿದೆ, ಈಗ ಮಾತಾಡಬಹುದು, ಬೆಳಗಿನ ಮಾತು ಅಲ್ಲೇ ಇದೆ, ಎಡಗಡೆ ನಾಲ್ಕು, ಒಂದು ಉಸಿರು — ಮುದುಕಿ ಇನ್ನೂ ಬಗ್ಗುತ್ತಾಳೆ, ಬಾಯೊಳಗೆ ನೋಡುತ್ತಾಳೆ, ನಾಲ್ಕು ಗೂಟ, ಎಡಗಡೆ, ಸಾಲಾಗಿ, ಅವಳ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಅಯ್ಯೋ ನನ್ನಪ್ಪಾ, ನಿನಗೂ ಹೊಡೆದ್ರಾ, ಇದೇ ಕಡೆಗೆ ಹೊಡೆದ್ರಾ. ಹೂಂ ಕಣಮ್ಮಾ, ಇವರಿಗೂ ಹೊಡೆದ್ರು, ಇಬ್ಬರಿಗೂ ಒಟ್ಟಿಗೇ, ಎಂದಳು ಹೆಂಡತಿ, ಒಂದು ಚೂರೂ ತಡವರಿಸದೆ. ಅವನು ತಲೆ ಆಡಿಸಿದ. ಹೌದೆಂದೇ ಆಡಿಸಿದ, ಎರಡು ಸಲ. ಮುದುಕಿಯ ಅಂಗೈ ಅವನ ಕೆನ್ನೆ ಸವರುತ್ತಿದೆ, ಒರಟು ಕೈ, ಇವನಿಗೆ ಏನೂ ತಿಳಿಯುತ್ತಿಲ್ಲ, ಮರಗಟ್ಟಿದ ಕಡೆ, ಗದ್ದದ ಮೇಲೆ ರಕ್ತ ಬೆರೆತ ಎಂಜಲು ಇಳಿಯುತ್ತಿದೆ, ಇರು ಒರೆಸ್ತೀನಿ, ಎಂದು ಅವಳು ಚೀಲದಿಂದ ಏನನ್ನೋ ತೆಗೆಯುತ್ತಾಳೆ, ಮಡಿಚಿ ಇಟ್ಟದ್ದು, ಇದು ಅವನ ಬಾಯಿಗೆ ಕಟ್ಟಿದ್ದದ್ದು, ಅವನದಲ್ಲ, ಅವನ ಬಟ್ಟೆ ನನಗೆ ಗೊತ್ತು, ಯಾರೋ ಪುಣ್ಯಾತ್ಮ ಕಟ್ಟಿದ್ದಾನೆ, ಒಗೆದು ಇಟ್ಟಿದ್ದೀನಿ, ಯಾರದು ಅಂತ ನಿನಗೇನಾದ್ರೂ ಗೊತ್ತಾ. ನೀಲಿ ಪಟ್ಟೆ. ಬಾಯಿ ಮುಚ್ಚಿ ಸ್ವಲ್ಪ ಸುಧಾರಿಸ್ಕೊಳ್ಳಿ, ಆಮೇಲೆ ಆ ಕಡೆದು ತೆಗೆಯೋಣ, ಎನ್ನುತ್ತಾರೆ ಡಾಕ್ಟರು, ಮುಚ್ಚಿ, ಯಾಕೆ, ದವಡೆ ಹಿಡ್ಕೊಂಡಿದೆಯಾ, ಮುಚ್ಚಲು ನೋಡುತ್ತಾನೆ, ಆಗುವುದಿಲ್ಲ, ಮುದುಕಿ ಟವೆಲನ್ನು ಗದ್ದದ ಕೆಳಗೆ ಹಿಡಿದು ಮೆಲ್ಲಗೆ ಮೇಲಕ್ಕೆ ಒತ್ತುತ್ತಾಳೆ, ಮುಚ್ಚು ಮಗಾ, ಮುಚ್ಚು, ಒತ್ತಿದಾಗ ಮುಚ್ಚುತ್ತದೆ, ಬಿಟ್ಟಾಗ ತೆರೆಯುತ್ತದೆ, ನೀಲಿ ಪಟ್ಟೆ, ತೆರೆದ ಬಾಯಿ, ಮುಚ್ಚೋ ಕಡ್ಡಿ, ಮುಚ್ಚೋ, ತೆರೆದ ಬಾಯಿ —