ಮೇಲಿನ ಮನೆಯ ಸ್ಪೀಡು

ಮತ್ತೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದೇ ಬಂತು. ಪ್ರೇಮ್‌ಕುಮಾರ್ ಸ್ಕ್ರೀನಿನಿಂದ ಕಣ್ಣು ತೆಗೆಯದೆ ಕೂಗಿದ.

“ಅಮ್ಮ, ಅವ್ನು ಪ್ರೋಗ್ರಾಮ್ ಶುರು ಮಾಡಿದಾನಾ ಕೇಳು.”

ಮಾರಕ್ಕ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

ಅವನು ಎಂದರೆ ತಮ್ಮ ಸುನಿಲ್. ಹೊರಮಾವಿನ ಈ ಮನೆಯ ಮೇಲಂತಸ್ತಿನಲ್ಲಿ ಅವನು, ಕೆಳಗೆ ಪ್ರೇಮ್‌ಕುಮಾರ್. ಅಪ್ಪ ಮುನಿಆಂಜನಪ್ಪ ತೀರಿಕೊಂಡ ಮೇಲೆ ಗೇಟಿನ ಫಲಕದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಗಿ ಮಾತು ನಿಂತಿತ್ತು. ಫಲಕದಲ್ಲಿ ಈಗಲೂ ಅಪ್ಪನ ಹೆಸರೇ ಇದೆ.

ಇಂಟರ್ನೆಟ್ ಪೆಟ್ಟಿಗೆ ಕೆಳಗಿನ ಮನೆಯಲ್ಲಿತ್ತು; ಮೇಲಕ್ಕೆ ಅದರಿಂದಲೇ ತಂತಿ ಹೋಗಿತ್ತು. ಅಣ್ಣ ಬೇಕೆಂದೇ ಸ್ಪೀಡು ಕಡಿಮೆ ಮಾಡುತ್ತಾನೆ, ಆಫೀಸಿನ ಮೀಟಿಂಗಿನಲ್ಲಿ ತನ್ನ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ ಎಂದು ಸುನಿಲ್ ಅಮ್ಮನಿಗೆ ದೂರಿದ್ದ. ಸಂಜೆಯೊಳಗೆ ಸರಿಹೋಗದಿದ್ದರೆ ಜೀವನ್ ಬಿಮಾ ನಗರದಲ್ಲಿ ನೋಡಿಟ್ಟ ಬಾಡಿಗೆ ಮನೆಗೆ ಹೋಗುವವನಿದ್ದ. ದೊಡ್ಡನೆಕ್ಕುಂದಿಯ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಪ್ರೇಮ್‌ಕುಮಾರ್‌ಗೆ ಇದು ಅವಮಾನ. ಎರಡು ಮನೆಯ ಕಂಪ್ಯೂಟರುಗಳ ನಡುವೆ ವೇಗ ಅಳೆದು ತೋರಿಸುತ್ತೇನೆ ಎಂದ. ಅದಕ್ಕೊಂದು ಪ್ರೋಗ್ರಾಮ್: ಒಂದು ಕಂಪ್ಯೂಟರು ಕರೆಯಬೇಕು, ಇನ್ನೊಂದು ಕೇಳಿಸಿಕೊಳ್ಳುತ್ತ ಕೂತಿರಬೇಕು. ಅಷ್ಟೆ.

ಮಾರಕ್ಕ ಏದುಸಿರು ಬಿಡುತ್ತ ಬಂದಳು. “ಶುರು ಮಾಡಿದಾನಂತೆ. ನೀನೇ ಏನೋ ಬಂದ್ ಮಾಡಿದೀಯಂತೆ.”

ರೆಫ್ಯೂಸ್ಡ್. ಉತ್ತರವೇ ಬಾರದಿದ್ದರೆ ದಾರಿ ಕೆಟ್ಟಿದೆ ಎನ್ನಬಹುದು. ನಿರಾಕರಣೆ ಬಂತೆಂದರೆ ದಾರಿ ಸರಿಯಿದೆ, ಆ ತುದಿಯಲ್ಲಿ ಯಂತ್ರವೂ ಇದೆ, ಕೇಳಿಸಿಕೊಳ್ಳುವವರು ಮಾತ್ರ ಇಲ್ಲ. ತಪ್ಪು ಮೇಲಿನ ಮನೆಯದು ಎಂದು ಅವನಿಗೆ ವಿಚಿತ್ರ ಸಮಾಧಾನವಾಯಿತು.

“ಫೈರ್‌ವಾಲ್ ತೆಗೀಬೇಕು ಅನ್ನು.”

“ಏನು ವಾಲು?”

“ಹೊರಗಿನವ್ರನ್ನ ತಡೆಯೋ ಗೋಡೆ, ಅಮ್ಮ. ಗೋಡೆ ತೆಗಿ ಅನ್ನು, ಗೊತ್ತಾಗತ್ತೆ.”

ಅವಳು ಹತ್ತಿ, ಇಳಿದು ಬಂದಳು. “ಅವ್ನು ಯಾವಾಗ್ಲೋ ತೆಗ್ದಿದಾನಂತೆ. ನಿನ್ ಗೋಡೆ ನೀನು ನೋಡ್ಕೋಬೇಕಂತೆ.”

ಅಡುಗೆಮನೆಯಿಂದ ಹೆಂಡತಿ ಯಮುನಾ, “ನೀವೇ ಹೋಗಿ ನೋಡ್ಬಾರ್ದಾ ರೀ” ಎಂದಳು.

ಹೋದ. ಜಗಳದ ನಂತರ ಇದೇ ಮೊದಲು. ಸುನಿಲ್ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಅವನ ಸ್ಕ್ರೀನಿನ ತುಂಬ ಅದೇ ಸಾಲು: ರೆಫ್ಯೂಸ್ಡ್, ರೆಫ್ಯೂಸ್ಡ್. ಬೆಳಗಿನಿಂದ ಅವನೂ ಕೆಳಗಿನ ಕಂಪ್ಯೂಟರನ್ನು ಕರೆಯುತ್ತಲೇ ಇದ್ದ.

“ನೀನು ಕೇಳಿಸ್ಕೋಬೇಕಿತ್ತು,” ಪ್ರೇಮ್‌ಕುಮಾರ್ ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಹೇಳಿದ.

“ನಾನ್ಯಾಕೆ? ನೀನೇ ಕೇಳಿಸ್ಕೋ.”

“ಕಂಪ್ಲೇಂಟ್ ನಿಂದು.”

“ಪೆಟ್ಟಿಗೆ ನಿಂದು.”

ಸುನಿಲ್‌ನ ನೆತ್ತಿಯ ಕೂದಲು ತೆಳ್ಳಗಾಗಿತ್ತು, ಅಪ್ಪನ ಹಾಗೆ. ಅದನ್ನು ಅವನಿಗೆ ಹೇಳಬೇಕೆನಿಸಿತು. “ಸರಿ, ನಾನೇ ಕೇಳಿಸ್ಕೋತೀನಿ” ಎಂದಷ್ಟೇ ಹೇಳಿ ಇಳಿದು ಬಂದ.

ಈ ಸಲ ಅಂಕಿಗಳು ಸುರಿದವು. ತಂತಿ ಪೂರ್ಣ ವೇಗದಲ್ಲಿತ್ತು. ದಾರಿಯಲ್ಲಿ ಏನೂ ಕಳೆದಿರಲಿಲ್ಲ. ಅವನು ಗೆದ್ದಿದ್ದ. ತಂತಿಯಲ್ಲಿ ದೋಷವಿದ್ದಿದ್ದರೆ ಬದಲಾಯಿಸಬಹುದಿತ್ತು.

“ಅಮ್ಮ, ಲೈನ್ ಸರಿಯಾಗೇ ಇದೆ ಅಂತ ಅವ್ನಿಗೆ ಹೇಳು.”

ಅದೇ ಕ್ಷಣಕ್ಕೆ ಮೇಲಿಂದ ಸುನಿಲ್: “ಅಮ್ಮ, ಆದ್ರೂ ನಾನು ಹೋಗ್ತೀನಿ ಅಂತ ಅವ್ನಿಗೆ ಹೇಳು.”

ಅಮ್ಮನನ್ನು ಹುಡುಕಿಕೊಂಡು ಪ್ರೇಮ್‌ಕುಮಾರ್ ಮೆಟ್ಟಿಲ ಬುಡಕ್ಕೆ ಬಂದ. ಮೇಲೆ ಸುನಿಲ್ ಕಂಬಿ ಹಿಡಿದು ಬಗ್ಗಿದ್ದ. ನಡುವಿನ ತಿರುವಿನಲ್ಲಿ ಮಾರಕ್ಕ, ತಲೆಯ ಮೇಲೆ ಸೆರಗೆಳೆದುಕೊಂಡು, ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ಕೂತಿದ್ದಳು. ಇಬ್ಬರೂ ಒಟ್ಟಿಗೇ ಕರೆದರು. ಅವಳು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು. ತುಟಿಗಳು ಮಾತ್ರ ಅಲುಗುತ್ತಿದ್ದವು. ಏನು ಹೇಳುತ್ತಿದ್ದಾಳೆಂದು ಮೇಲಿನವನಿಗೂ ಕೇಳಿಸಲಿಲ್ಲ, ಕೆಳಗಿನವನಿಗೂ ಕೇಳಿಸಲಿಲ್ಲ.