ಮೊಂಡು ಕತ್ತರಿ

ಆಸ್ಪತ್ರೆಯಿಂದ ಬಂದ ಮೇಲೆ ದರ್ಜಿಯಮ್ಮನ ಜೊತೆ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಸಾಯಲು ಹೊರಟು ಉಳಿದುಕೊಂಡವಳ ಮೇಲೆ ಯಾರು ತಾನೇ ದನಿ ಎತ್ತುತ್ತಾರೆ? ಮಾತೆತ್ತಿದರೆ ಸಿಡುಕುತ್ತಿದ್ದ ನಾದಿನಿ ಈಗ "ಅತ್ತಿಗೆ, ಸುಸ್ತಾಯ್ತಾ?" ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಿದ್ದಳು. ಅತ್ತೆ ಬಚ್ಚಲಿನ ಚಿಲಕ ತೆಗೆಸಿದ್ದರು. ಇವಳು ಸ್ನಾನಕ್ಕೆ ಹೋದರೆ ಹೊರಗೆ ನಿಂತು ಕೆಮ್ಮುವರು. ಏನೂ ಆಗಿಲ್ಲ ಎನ್ನಲು ಒಳಗಿನಿಂದ ಇವಳೂ ಕೆಮ್ಮಬೇಕು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ, ಸರಿ. ಆದರೆ ಮಜ್ಜಿಗೆಯ ಕಷ್ಟವನ್ನು ಯಾರೂ ಕೇಳುವುದಿಲ್ಲ.

ಓಣಿಯವರು ಬಟ್ಟೆ ಹೊಲಿಸುವುದನ್ನು ಬಿಡಲಿಲ್ಲ, ಅಳತೆ ಕೊಡಲು ಬರುವುದನ್ನು ಬಿಟ್ಟರು. ಹಳೆಯ ಅಂಗಿಯೊಂದನ್ನು ಸುತ್ತಿ ಕಳಿಸಿ "ಇದರ ಹಾಗೇ ಇರಲಿ" ಎನ್ನುತ್ತಿದ್ದರು. ಎದುರು ನಿಂತರೆ ಮಾತಾಡಬೇಕಾಗುತ್ತದಲ್ಲ. ಟೇಪು ಡಬ್ಬಿಯಲ್ಲೇ ಉಳಿಯಿತು. ಒಬ್ಬರ ಭುಜ ಮುಟ್ಟಿ ಎಷ್ಟು ಕಾಲವಾಯಿತು ಎಂದು ನೆನೆದರೆ ಅವಳಿಗೆ ಅಳು ಬರುತ್ತಿತ್ತು.

ಕತ್ತರಿಯನ್ನು ಮಾತ್ರ ಗಂಡ ಹಿಂದಕ್ಕೆ ಕೊಟ್ಟಿದ್ದ. ಅಡುಗೆಮನೆಯ ಚಾಕು ಕೂಡ ಎಲ್ಲೋ ಅಡಗಿರುವಾಗ ತನ್ನ ದೊಡ್ಡ ಕತ್ತರಿ ಮೇಜಿನ ಮೇಲೆ ಕಂಡು ಅವಳ ಎದೆ ತುಂಬಿ ಬಂತು. ಇವರೊಬ್ಬರಾದರೂ ನನ್ನನ್ನು ನಂಬಿದರು ಅಂದುಕೊಂಡಳು.

ಬಟ್ಟೆಗೆ ಹಾಕಿದರೆ ಕತ್ತರಿ ಕತ್ತರಿಸಲಿಲ್ಲ, ಅಗಿಯಿತು. ಅಂಚೆಲ್ಲ ನಾರುನಾರಾಯಿತು. ಸುಮ್ಮನೆ ಬಿದ್ದು ಕೆಟ್ಟಿರಬೇಕು ಎಂದುಕೊಂಡು, ನಾದಿನಿಯ ಕಣ್ಣು ತಪ್ಪಿಸಿ ಓಣಿಯ ತುದಿಯಲ್ಲಿದ್ದ ಸಾಣೆಯವನ ಬಳಿ ಒಯ್ದಳು. ಅವನು ತಿರುಗಿಸಿ ನೋಡಿ ನಕ್ಕ.

"ಗಂಡ ಹೆಂಡ್ತಿ ಮೊದ್ಲು ಒಂದು ಮಾತಿಗೆ ಬನ್ನಿ ತಾಯಿ. ಯಜಮಾನ್ರು ಮೊನ್ನೆ ಬಂದು ಇದನ್ನ ಮೊಂಡು ಮಾಡಿಸ್ಕೊಂಡು ಹೋದ್ರು. ಅಂಥ ಕೆಲ್ಸ ನಾನು ಮಾಡಿದ್ದು ಅದೇ ಮೊದ್ಲು."

ಅವಳೂ ನಕ್ಕಳು. ನಗದಿದ್ದರೆ ಅಲ್ಲೇ ಕುಸಿದುಬಿಡುತ್ತಿದ್ದಳು. ಹರಿತ ಮಾಡಿಕೊಡಿ ಎಂದಳು.

ಸಂಜೆ ಗಂಡ ಬಂದಾಗ ಕತ್ತರಿಸಿದ ಅಂಗಿಯ ಬೆನ್ನಿನ ಭಾಗ ಮೇಜಿನ ಮೇಲಿತ್ತು. ಅಂಚು ಗೆರೆ ಎಳೆದ ಹಾಗಿತ್ತು. ಅದನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ನಾನೇ ಸಾಣೆ ಹಿಡಿಸ್ಕೊಂಡು ಬಂದೆ" ಎಂದಳು. "ಭಯ ಆಗ್ತಿದೆ ಅಂತ ನೀವು ಹೇಳ್ಬಹುದಿತ್ತು ರೀ."

"ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ..."

"ಆಗ್ಲಿ ಬಿಡಿ. ಈ ಮನೇಲಿ ನನ್ನ ಜೊತೆ ಯಾರೂ ನಿಜ ಮಾತಾಡಲ್ಲ. ಅವತ್ತೂ ಹೀಗೇ ಇತ್ತು."

ಅವನು ಕತ್ತರಿಯತ್ತ ಕೈ ಚಾಚಿದ. ಅದನ್ನು ಒಯ್ದುಬಿಟ್ಟರೆ ಇನ್ನು ತಾನು ಈ ಮನೆಯ ದರ್ಜಿಯಲ್ಲ, ಹೆಂಡತಿಯೂ ಅಲ್ಲ, ಕಾಯುವ ಸಾಮಾನು ಅಷ್ಟೇ ಎಂದು ಅವಳಿಗೆ ಗೊತ್ತಿತ್ತು. ಅವನು ಎತ್ತಿದ, ತುಸು ಹೊತ್ತು ಹಿಡಿದುಕೊಂಡೇ ನಿಂತ, ಆಮೇಲೆ ಅವಳ ಕೈಗೇ ಕೊಟ್ಟ.

"ನಾನು ಇಲ್ಲೇ ಕೂತಿರ್ತೀನಿ."

"ಸುಮ್ನೆ ಯಾಕೆ ಕೂರ್ತೀರಿ? ಮೊದ್ಲಿನ ಹಾಗೆ ಬಟ್ಟೆ ತುದಿ ಹಿಡ್ಕೊಳ್ಳಿ."

ಅವನು ಹಿಡಿದ. ಕೈ ನಡುಗುತ್ತಿತ್ತು, ಅದರ ಜೊತೆ ಬಟ್ಟೆಯೂ. ನಡುಕ ನಿಲ್ಲುವವರೆಗೆ ಅವಳು ಕಾದಳು. ಆಮೇಲೆ ಕತ್ತರಿ ನೇರವಾಗಿ ಹೋಯಿತು. ಬಟ್ಟೆ ಎರಡಾಗುವವರೆಗೂ ಅವನು ಕತ್ತರಿಯನ್ನೇ ನೋಡುತ್ತಿದ್ದ. ಒಂದು ಸಲ ತಲೆ ಎತ್ತಿ ತನ್ನ ಮುಖ ನೋಡಲಿ ಎಂದು ಅವಳು ಕಾಯುತ್ತಲೇ ಇದ್ದಳು.