ಏಳು ದಿನದ ಅತಿಮಧುರ

ಗುಳಿ ಇನ್ನೂ ಹಾಗೇ ಇದೆ, ಎಣ್ಣೆ ತಿಕ್ಕುವಾಗ ಹೆಬ್ಬೆರಳು ಒತ್ತಿದ್ದಷ್ಟೆ, ಸಾರು ಹುಯ್ಯಲು ಮುದ್ದೆಗೆ ಗುಳಿ ಮಾಡಿದ ಹಾಗೆ ನಮ್ಮ ಯಜಮಾನರ ಕಾಲಲ್ಲಿ ಉಳಿದುಬಿಟ್ಟಿದೆ — ಏಳಪ್ಪಾ ಗುಳಿಯೇ, ಮೇಲೆ ಬಾ — ಚರ್ಮ ಮಿರಮಿರ ಮಿಂಚುತ್ತಿದೆ, ಕಡ್ಡಿಯಂಥ ಕಾಲು ಹೀಗೆ ತುಂಬಿಕೊಂಡದ್ದು ಯಾವಾಗ, ಮೊನ್ನೆ ಕಾಲಿಗೆ ಮೆಟ್ಟು ಹಿಡಿಸುತ್ತಿಲ್ಲ ಕಣೇ ಅಂದರು, ಮೈ ಹಿಡೀತಿದೆ ಬಿಡಿ ಅಂತ ನಕ್ಕೆ, ನಕ್ಕೆನಲ್ಲ. ನನ್ನ ತಮ್ಮ ಆವಲಪ್ಪ ಜಟಕಾ ತಗೊಂಡು ದೇವನಹಳ್ಳಿಗೆ ಹೋಗಿದ್ದಾನೆ, ಲಕ್ಷ್ಮಯ್ಯ ಪಂಡಿತರು ಇನ್ನೇನು ಬರ್ತಾರೆ, ಕೇಳ್ತಾರೆ, ಏನು ಹೇಳಲಿ. ಬೇರು ಕೊಟ್ಟದ್ದು ಅವರೇ, ಸಂಕ್ರಾಂತಿ ಕಳೆದ ಮೇಲೆ, ಇವರ ಗಂಟಲು ಒಡೆದು ಗುಡಿಯಲ್ಲಿ ಪುರಾಣ ಓದುವುದು ನಿಂತಾಗ, ತಗೋ ತಾಯಿ, ಅತಿಮಧುರ, ನೋಡೋಕೆ ಸೌದೆ ಚೂರು, ಕಫ ಕರಗಿಸುತ್ತೆ, ಸ್ವರ ಕೂಡಿಸುತ್ತೆ, ಹೊಟ್ಟೆಯುರಿ ಬಾಯಿಹುಣ್ಣು ಎರಡಕ್ಕೂ ತಂಪು, ಕಿರುಬೆರಳುದ್ದ ಜಜ್ಜಿ ಕಷಾಯ ಮಾಡು, ಏಳು ದಿನ, ಆಮೇಲೆ ನಿಲ್ಲಿಸು. ಒಂದು ಸಲ ಕೇಳಿದ ಪದ್ಯವನ್ನು ತಪ್ಪದೆ ಒಪ್ಪಿಸುವ ಕಿವಿ ನನ್ನದು, ಅಕ್ಷರ ಬಾರದವಳಿಗೆ ದೇವರು ಕೊಟ್ಟದ್ದು ಅದೊಂದೇ, ಮರೆತೆ ಅಂತ ಹೇಗೆ ಹೇಳಲಿ, ಆಮೇಲೆ ನಿಲ್ಲಿಸು ಅಂದರು, ಕೇಳಿಸಿತ್ತು. ಎಂಟನೇ ದಿನ ಸ್ವರ ಬಂತು — ಎಂಥಾ ಸ್ವರ, ಮದುವೆಯಾದ ಹೊಸದರಲ್ಲಿ ಗುಡಿಯ ಕಂಬದ ಮರೆಯಲ್ಲಿ ಕೂತು ಕೇಳಿದ್ದೆನಲ್ಲ, ಅದೇ — ಒಂದು ದಿನ ಬಿಟ್ಟೆ, ಮತ್ತೆ ಒಡೆಯಿತು, ಮತ್ತೆ ಕೊಟ್ಟೆ, ಬೆಳಿಗ್ಗೆ ಕಷಾಯ, ಮಧ್ಯಾಹ್ನ ಜೇನಲ್ಲಿ ಪುಡಿ, ಓದೋಕೆ ಕೂರುವಾಗ ದವಡೆಗೊಂದು ಕಡ್ಡಿ, ಯುದ್ಧದ ದೆಸೆಯಿಂದ ಹಡಗು ನಿಂತು ಗ್ರಂಥಿಗೆ ಅಂಗಡೀಲಿ ಬೇರು ಸಿಗದಾದಾಗ ಆವಲಪ್ಪನ್ನ ಬೆಂಗಳೂರು ಪೇಟೆಗೆ ಅಟ್ಟಿದೆ, ಡಬ್ಬಿ ತುಂಬಾ ತಂದ. ಪಕ್ಕದ ಮನೆ ಅಕ್ಕಯಮ್ಮ ಆಡಿಕೊಂಡಳು, ಏನೇ, ಗಿಳಿ ಸಾಕಿದ್ದೀಯಾ, ಕಡ್ಡಿ ಕೊಟ್ಟು ಕೊಟ್ಟು ಹಾಡಿಸ್ತೀಯ? ಇವರೂ ನಕ್ಕರು, ಇವಳಿಗೆ ಗಂಡ ಬೇಡ ಕಣಮ್ಮ, ಗಂಡನ ಗಂಟಲಿದ್ರೆ ಸಾಕು. ತಮಾಷೆಗೆ ಅಂದದ್ದು. ತಮಾಷೆಗೇನಾ? ಯುಗಾದಿಯೂ ಹೋಯಿತು, ಅತಿ ಅಂತ ಹೆಸರಲ್ಲೇ ಇತ್ತಲ್ಲ ಶಿವನೇ, ನನ್ನ ಕಿವಿಗೆ ಮಧುರ ಮಾತ್ರ ಬಿತ್ತು.

ಗೆಜ್ಜೆ ಸದ್ದು, ಜಟಕಾ, ಇವರಿಗೂ ಕೇಳಿಸಿತು, ಲೇ ಒಂದು ಕಡ್ಡಿ ಕೊಡೇ, ಪಂಡಿತರಿಗೆ ಎರಡು ಪದ್ಯ ಕೇಳಿಸ್ತೀನಿ — ಅಯ್ಯೋ ಸುಮ್ಮನಿರಿ — ಡಬ್ಬಿ ಬಾವಿಗೆ ಹಾಕಿಬಿಡಲಾ, ಏಳೇ ದಿನ ಕೊಟ್ಟೆ ಅಂದುಬಿಡಲಾ, ಎಣಿಸಿದವರು ಯಾರು, ಗಂಡನ್ನ ಕೊಂದಳು ಅನ್ನಿಸಿಕೊಳ್ಳಲಾ, ಪಂಡಿತರು ಆಗಲೇ ಒಳಗೆ ಬಂದು ನಾಡಿ ಹಿಡಿದಿದ್ದಾರೆ, ನೀರು ತುಂಬಿದೆ ತಾಯಿ, ಕೆಮ್ಮೂ ಇದೆ, ಸರಿ, ಒಂದು ಪುಡಿ ಕಟ್ಟಿಕೊಡ್ತೀನಿ, ಕೆಮ್ಮಿಗೆ ಚಿಟಿಕೆ ಅತಿಮಧುರ ಸೇರಿಸಿ — ಬೇಡ. ಯಾರು ಅಂದದ್ದು, ನಾನೇ. ಬೇಡ ಸ್ವಾಮಿ, ಕೊಡ್ತಾನೇ ಇದ್ದೀನಿ. ಯಾವಾಗಿಂದ? ಸಂಕ್ರಾಂತಿಯಿಂದ. ಇವತ್ತಿನವರೆಗೂ? ಇವತ್ತು ಬೆಳಿಗ್ಗೆವರೆಗೂ. ಇವರು ನನ್ನ ಮುಖ ನೋಡುತ್ತಿಲ್ಲ, ಸೂರು ನೋಡುತ್ತಿದ್ದಾರೆ. ದಿನಗಟ್ಟಲೆ ತಗೊಂಡ್ರೆ ಅದು ಮೈಯಲ್ಲಿ ನೀರು ಹಿಡಿದಿಡುತ್ತೆ ತಾಯಿ, ಅದಕ್ಕೇ ಏಳು ದಿನ ಅಂದದ್ದು, ಈಗಲೇ ನಿಲ್ಲಿಸು, ಉಪ್ಪನ್ನೂ ನಿಲ್ಲಿಸು. ಇಳಿಯುತ್ತಾ ಸ್ವಾಮಿ? ಎದೆಗೆ ಏರದಿದ್ರೆ ಇಳಿಯುತ್ತೆ. ಪಂಡಿತರು ಇವರ ಕಾಲಿಗೆ ಹೆಬ್ಬೆರಳು ಊರಿ ತೆಗೆದರು, ನೋಡೋಣ, ಆರು ಸಾಲಿನ ಒಂದು ಪದ್ಯ ಮುಗಿಯೋದ್ರೊಳಗೆ ಏಳಬೇಕು ಈ ಗುಳಿ. ಇವರು ಬಾಯಿ ತೆರೆದರು, ಉಸಿರು ಸಾಲಲಿಲ್ಲ, ನಾನೇ, ಮನಸ್ಸಲ್ಲೇ, ಇವರ ಸ್ವರದಲ್ಲೇ, ಒಂದು ಸಾಲು, ಗುಳಿ, ಎರಡು, ಮೂರು, ಮೆಲ್ಲಗೆ, ಎಳೆದು ಹೇಳು, ನಾಲ್ಕು, ಗುಳಿ, ಐದು — ಆರನೆಯದು ಹೇಳೋದಿಲ್ಲ, ಹೇಳಿದರೆ ಮುಗಿಯುತ್ತೆ, ಹೇಳೋದಿಲ್ಲ — ಹೆಬ್ಬೆರಳಗಲ, ಒಳಗೆ ಒಂದು ತೊಟ್ಟು ಎಣ್ಣೆ ನಿಂತಿದೆ, ಗುಳಿ